ಸನ್-ಇನ್-ಲಾ ಅಂದರೆ ಅಳಿಯ

ನಮ್ಮ ಕಡೆ ಶಾಲೆಗೆ ಹೋಗುವ ಮಕ್ಕಳು ಪರೀಕ್ಷೆ ಬರೆಯುತ್ತಾರೆ. ಶಾಲೆ ಬಿಟ್ಟವರು, ಫೇಲಾದವರು, ಮೀಸೆ ಬಂದವರು, ಮಕ್ಕಳೊಂದಿಗರು ಪರೀಕ್ಷೆ ಕಟ್ಟುತ್ತಾರೆ. 'ಈ ಸಲ ಎಸ್ಸೆಸ್ಸೆಲ್ಸಿ ಕಟ್ಟಿದ್ದೀನಿ' ಎಂದು ಯಾರಾದರೂ ಹೇಳಿದರೆ ಅವನು ಪ್ರೈವೇಟಾಗಿ ಕೂತಿದ್ದಾನೆ ಎಂದು ಅರ್ಥ. ಒಂದು ಸಲವಾದರೂ ಮಣ್ಣು ಮುಕ್ಕಿದ್ದಾನೆ ಎಂದೂ ಅರ್ಥ. ನಾನೂ ಕಟ್ಟಿದವಳೇ. ಪಾಸೂ ಆದೆ. ಅದರಿಂದ ಯಾರಿಗೆ ಏನು ಸಿಕ್ಕಿತು ಎನ್ನುವುದನ್ನು ನಮ್ಮ ಮನೆಯಲ್ಲಿ ಈಗಲೂ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದ್ದರಿಂದ ನಾನೇ ಹೇಳುತ್ತೇನೆ.

ನಮ್ಮೂರು ತುಮಕೂರು ರಸ್ತೆಯ ಪಕ್ಕ, ನಾಗಸಂದ್ರಕ್ಕೆ ಹತ್ತಿರ. ರಾಗಿ, ಅವರೆ, ಒಂದಿಷ್ಟು ಹುಚ್ಚೆಳ್ಳು ಬೆಳೆಯುತ್ತಿದ್ದ ಹೊಲ ನಮ್ಮದು. ಪೀಣ್ಯದ ಕಡೆಯಿಂದ ಕಾರ್ಖಾನೆಗಳು ಒಂದೊಂದಾಗಿ ನಮ್ಮತ್ತ ಬರುತ್ತಿದ್ದ ಕಾಲ ಅದು. ಒಂದು ದಿನ ಅಳತೆಯವರು ಬಂದರು, ಕಲ್ಲು ನೆಟ್ಟರು, ಮರುವರ್ಷ ಬೇಲಿ ಬಂತು. ಹೊಲ ಹೋಯಿತು. ಬದಲಿಗೆ ಜಮೀನು ಕಳೆದುಕೊಂಡ ಮನೆಗೊಂದು ಕೆಲಸ ಎಂದು ಕಾರ್ಖಾನೆಯವರು ಮಾತು ಕೊಟ್ಟರು. ಒಂದೇ ಷರತ್ತು. ಕೆಲಸಕ್ಕೆ ಬರುವವರು ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು.

ನಮ್ಮ ಮನೆಯಲ್ಲಿ ಆ ಹೊತ್ತಿಗೆ ಅದನ್ನು ಪಾಸು ಮಾಡಿದ್ದ ಮಕ್ಕಳಿರಲಿಲ್ಲ. ಅಣ್ಣ ಹತ್ತನೆಯ ತರಗತಿಯಲ್ಲಿ ಡುಮ್ಕಿ ಹೊಡೆದು ಸೈಕಲ್ ತುಳಿದುಕೊಂಡಿದ್ದ. ನನ್ನನ್ನು ಎಂಟನೆಯ ತರಗತಿಗೇ ಬಿಡಿಸಿದ್ದರು. ಹೈಸ್ಕೂಲು ದೂರ, ಮೈನೆರೆದ ಹುಡುಗಿ ಅಷ್ಟು ದೂರ ನಡೆದು ಹೋಗುವುದು ಚೆಂದವಲ್ಲ ಎಂದರು. ಅದೇ ದೂರಕ್ಕೆ ತಲೆಯ ಮೇಲೆ ಸೊಪ್ಪಿನ ಕುಕ್ಕೆ ಹೊತ್ತು ಜಾಲಹಳ್ಳಿಯ ಕಾರ್ಖಾನೆ ಕ್ವಾರ್ಟರ್ಸಿಗೆ ಮಾರಲು ಹೋಗುವುದು ಮಾತ್ರ ಯಾರ ಕಣ್ಣಿಗೂ ಕೆಟ್ಟದಾಗಿ ಕಾಣಲಿಲ್ಲ.

ಅಲ್ಲಿಗೆ ಹೋಗಿ ಹೋಗಿಯೇ ನನಗೆ ಆಸೆ ಹತ್ತಿದ್ದು. ಬೆಳಿಗ್ಗೆ ಕಾರ್ಖಾನೆ ಬಸ್ಸಿಗೆ ಕಾಯುತ್ತಾ ಹೆಂಗಸರು ನಿಂತಿರುತ್ತಿದ್ದರು. ಸೀರೆಯ ಮೇಲೆ ಕೋಟು, ಎದೆಗೆ ಬ್ಯಾಡ್ಜು, ಕೈಯಲ್ಲಿ ಟಿಫನ್ ಡಬ್ಬಿ. ಗಂಡಸರ ಎದುರಿಗೇ ಜೋರಾಗಿ ನಗುತ್ತಿದ್ದರು. ಬಸ್ಸು ಬಂದರೆ ಸೀಟಿಗಾಗಿ ಜಗಳ ಆಡುತ್ತಿದ್ದರು. ನಮ್ಮೂರಿನಲ್ಲಿ ಹೆಂಗಸರು ಜೋರಾಗಿ ಮಾತಾಡುವುದು ನೀರಿನ ಸರತಿಯಲ್ಲಿ ಮಾತ್ರ. ಆ ಕೋಟು ನನಗೂ ಬೇಕು ಅನ್ನಿಸಿತು. ಅಷ್ಟೇ, ಇದರಲ್ಲಿ ದೊಡ್ಡ ತತ್ವ ಏನೂ ಇಲ್ಲ.

ಅಪ್ಪ ಮಾತ್ರ ಕೆಲಸ ಅಣ್ಣನಿಗೇ ಎಂದು ತೀರ್ಮಾನಿಸಿದ್ದರು. ಅದಕ್ಕೆ ಅವನನ್ನು ಟ್ಯುಟೋರಿಯಲ್ಲಿಗೆ ಸೇರಿಸಿದರು. ಅವನು ದಿನಾ ಮಧ್ಯಾಹ್ನ ತಲೆ ಬಾಚಿಕೊಂಡು ಹೋಗುತ್ತಿದ್ದ, ಸಂಜೆ ಬರುತ್ತಿದ್ದ. ಪುಸ್ತಕ ಹೋದ ಹಾಗೇ ವಾಪಸು ಬರುತ್ತಿತ್ತು. ಕೊನೆಗೆ ಊರಿನವರೇ ಯಾರೋ ಅವನನ್ನು ಟೆಂಟ್ ಸಿನಿಮಾದಲ್ಲಿ ನೋಡಿ ಅಪ್ಪನಿಗೆ ಹೇಳಿದರು. ಅಪ್ಪ ಹೊಡೆಯಲಿಲ್ಲ. ನನ್ನನ್ನು ಕರೆದರು.

"ನಾಳಿಂದ ನೀನೂ ಅವನ್ ಜೊತ್ಗೋಗು. ಅವ್ನು ಒಳೀಕೋಗಿ ಕುಂತ್ಕಂಡ ಅಂತ ನೋಡ್ಕಂಡು, ಬುಟ್ಟಾಗ ಕರ್ಕಂಡ್ ಬಾ."

ಹೀಗೆ ನಾನು ಮತ್ತೆ ವಿದ್ಯೆಯ ಹತ್ತಿರ ಹೋದದ್ದು ಕಾವಲುಗಾರಳಾಗಿ.

ಟ್ಯುಟೋರಿಯಲ್ ಅಂದರೆ ಒಂದು ಲೇತ್ ವರ್ಕ್‌ಶಾಪಿನ ಹಿಂದಿನ ಶೀಟಿನ ರೂಮು. ಗೋಡೆಯ ಆ ಕಡೆ ಕಬ್ಬಿಣ ಕುಯ್ಯುವ ಸದ್ದು, ಈ ಕಡೆ ಬೀಜಗಣಿತ. ಬಾಗಿಲಿನ ಮೇಲೆ 'ಫೇಲಾದವರಿಗೆ ವಿಶೇಷ ತರಬೇತಿ' ಎಂದು ಬಣ್ಣದಲ್ಲಿ ಬರೆಸಿದ್ದರು. ಒಳಗೆ ಹೋಗುವಾಗ ಎಲ್ಲರೂ ಆ ಬೋರ್ಡಿನ ಕೆಳಗೆ ತಲೆ ತಗ್ಗಿಸಲೇಬೇಕು, ಬಾಗಿಲು ಅಷ್ಟು ಗಿಡ್ಡ. ಮೇಷ್ಟ್ರು ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಗುಮಾಸ್ತರು. ಮೊದಲ ಪಾಳಿ ಮುಗಿಸಿ ನೇರ ಬರುತ್ತಿದ್ದರು. ಬೈಗುಳದಲ್ಲಿ ಪಾಠವೋ, ಪಾಠದಲ್ಲಿ ಬೈಗುಳವೋ ಹೇಳುವುದು ಕಷ್ಟ. ಆದರೆ ಹೇಳಿಕೊಟ್ಟದ್ದು ಮರೆಯುತ್ತಿರಲಿಲ್ಲ.

ಮೊದಲ ದಿನ ನಾನು ಬಾಗಿಲ ಹೊರಗೆ ಕಲ್ಲಿನ ಮೇಲೆ ಕೂತಿದ್ದೆ. ಮೇಷ್ಟ್ರು ನೋಡಿದರು.

"ಯಾರಮ್ಮ ನೀನು?"

"ಅವ್ನ ತಂಗಿ ಸಾರ್. ನೋಡ್ಕೊಳ್ಳಾಕೆ ಬಂದಿವ್ನಿ."

ಒಳಗಿದ್ದವರೆಲ್ಲ ಹೋ ಎಂದು ನಕ್ಕರು. ಅಣ್ಣನ ಮುಖ ಕೆಂಪಗಾಯಿತು. ಮೇಷ್ಟ್ರು ನಗಲಿಲ್ಲ. "ನೋಡ್ಕೊಳ್ಳೋದಾದ್ರೆ ಒಳಗೆ ಬಂದು ನೋಡ್ಕೋ. ಬಿಸಿಲಲ್ಲಿ ಕೂತ್ರೆ ನಿಮ್ಮಪ್ಪ ನನಗೆ ಬೈತಾರೆ," ಎಂದರು. ಹಿಂದಿನ ಬೆಂಚಿನ ಮೂಲೆಯಲ್ಲಿ ಜಾಗ ಸಿಕ್ಕಿತು. ಪಕ್ಕದಲ್ಲಿ ಊದುಬತ್ತಿ ಹೊಸೆಯುವ ಒಬ್ಬ ವಿಧವೆ ಕೂರುತ್ತಿದ್ದಳು, ಅವಳ ಬೆರಳು ಯಾವಾಗಲೂ ಕಪ್ಪು. ಮುಂದೆ ಲೇತ್ ಹುಡುಗರು, ಲಾರಿ ಕ್ಲೀನರುಗಳು, ಮದುವೆಯಾದ ಒಬ್ಬ ವಾಚ್‌ಮನ್. ಯಾರಿಗೂ ಯಾರ ಮುಂದೆಯೂ ಬಿಗುಮಾನ ಇರಲಿಲ್ಲ. ಎಲ್ಲರೂ ಒಂದೇ ದೋಣಿಯಲ್ಲಿ ಮುಳುಗಿದವರು.

ಅಣ್ಣ ಕೂತಲ್ಲೇ ನಿದ್ದೆ ಮಾಡುತ್ತಿದ್ದ. ಕಾವಲಿಗೆ ಬಂದ ನಾನು ಅವನ ಪುಸ್ತಕ ತೆಗೆದು ಓದುತ್ತಿದ್ದೆ. ಸ್ವಲ್ಪ ದಿನಗಳಲ್ಲಿ ಮೇಷ್ಟ್ರು ಪ್ರಶ್ನೆ ಕೇಳುವುದು ಅವನನ್ನು, ಉತ್ತರ ಬರುವುದು ನನ್ನಿಂದ ಅನ್ನುವ ಹಾಗಾಯಿತು. ಮೇಷ್ಟ್ರು ಒಂದು ದಿನ ಚಾಕ್‌ಪೀಸು ಅವನ ಮೇಲೆ ಎಸೆದು, ನನ್ನ ಕಡೆ ತಿರುಗಿ, "ಹೆಂಗೂ ಬರ್ತೀಯ, ನೀನೂ ಕಟ್ಟಮ್ಮ. ಶಾಲೆ ಬಿಟ್ಟೋರು ವಯಸ್ಸಾಗಿದ್ರೆ ನೇರವಾಗಿ ಹತ್ತನೇ ಕ್ಲಾಸೇ ಕಟ್ಟಬಹುದು," ಎಂದರು. ಅಲ್ಲಿಯವರೆಗೆ ನನಗೆ ಅದು ಗೊತ್ತೇ ಇರಲಿಲ್ಲ. ಎಂಟಕ್ಕೆ ಬಿಟ್ಟವರ ಕಥೆ ಎಂಟಕ್ಕೇ ಮುಗಿಯಿತು ಅಂದುಕೊಂಡಿದ್ದೆ. ಆ ಸಂಜೆ ಮನೆಗೆ ನಡೆಯುವಾಗ ಅಣ್ಣ ಹಿಂದೆ ಉಳಿದ, ನಾನು ಅವನನ್ನು ನೋಡಿಕೊಳ್ಳುವುದನ್ನು ಮರೆತು ಮುಂದೆ ಹೋಗಿಬಿಟ್ಟಿದ್ದೆ.

ಅಪ್ಪ ಒಪ್ಪಿದರು. ಪ್ರೀತಿಯಿಂದಲ್ಲ. "ಕಟ್ಲಿ ಬುಡು. ಅವ್ಳು ಬರೀತಾವ್ಳೆ ಅಂದ್ರೆ ಇವ್ನಿಗೂ ರೋಸ ಬತ್ತದೆ," ಎಂದರು. ಅವನಿಗೆ ರೋಷ ಬರಲಿ ಅಂತ ನನ್ನನ್ನು ಓದಿಸಿದರು. ಹಾಗಾದರೂ ಸರಿ ಅಂದುಕೊಂಡೆ.

ಇಂಗ್ಲಿಷ್ ನಮ್ಮೆಲ್ಲರ ಶತ್ರು. ಅದನ್ನು ಮೇಷ್ಟ್ರು ನಮ್ಮ ನಮ್ಮ ಮನೆಯ ಒಳಗಿನಿಂದ ಶುರು ಮಾಡಿದರು. ನಿಮ್ಮ ನೆಂಟರನ್ನೆಲ್ಲ ಇಂಗ್ಲಿಷಿನಲ್ಲಿ ಕರೆಯಿರಿ ಎಂದರು. ದೊಡ್ಡಪ್ಪ ಅಂಕಲ್, ಚಿಕ್ಕಪ್ಪ ಅಂಕಲ್, ಸೋದರಮಾವನೂ ಅಂಕಲ್. ವಾಚ್‌ಮನ್ ಎದ್ದು ನಿಂತ. "ಹೆಂಗೆ ಸಾರ್? ಚಿಕ್ಕಪ್ಪ ಅಪ್ಪನ ಸಮ. ಮಾವನ್ನ ಕಟ್ಕೋಬೋದು. ಇಬ್ರೂ ಒಂದೇನಾ?" ಎಂದ. "ಅವ್ರ ಊರಲ್ಲಿ ಯಾವ ಮಾವನನ್ನೂ ಕಟ್ಕೊಳ್ಳಲ್ಲ ಕಣಯ್ಯಾ, ಕೂತ್ಕೋ," ಎಂದರು ಮೇಷ್ಟ್ರು. ಆಮೇಲೆ ಫಾದರ್-ಇನ್-ಲಾ, ಬ್ರದರ್-ಇನ್-ಲಾ ಬಂತು. ಒಬ್ಬ ಲೇತ್ ಹುಡುಗ, "ಸನ್-ಇನ್-ಲಾ ಅಂದ್ರೆ ಲಾಯರ್ ಮಗನಾ ಸಾರ್?" ಅಂದ. ಇಡೀ ರೂಮು ನಕ್ಕಿತು, ನಾನೂ ನಕ್ಕೆ. ಮೇಷ್ಟ್ರು ನನ್ನನ್ನೇ ಎಬ್ಬಿಸಿದರು. "ಸನ್-ಇನ್-ಲಾ ಅಂದರೆ ಅಳಿಯ ಸಾರ್," ಎಂದೆ. "ನೋಡ್ರೋ ಕಾವಲಿಗೆ ಬಂದೋಳನ್ನ," ಎಂದರು. ನನಗೆ ಹೆಮ್ಮೆಯೋ ಹೆಮ್ಮೆ.

ಪರೀಕ್ಷೆಯ ದಿನ ಪ್ರೈವೇಟಿನವರಿಗೆ ಬೇರೆ ರೂಮು. ಹುಡುಗರ ಕಾಲುಚೀಲ, ಕಾಲರು, ಹೆಂಗಸರ ಸೆರಗು, ಜಡೆ ಎಲ್ಲ ತಡಕಿದರು. "ಪ್ರೈವೇಟ್ ಬ್ಯಾಚು, ಚೆನ್ನಾಗಿ ನೋಡ್ರಿ," ಎಂದು ಒಬ್ಬರು ನಮ್ಮೆದುರಿಗೇ ಹೇಳಿದರು. ಊದುಬತ್ತಿಯ ಹೆಂಗಸಿನ ಬೆರಳು ಕಪ್ಪಗಿದ್ದದ್ದು ನೋಡಿ, ಕೈ ಮೇಲೆ ಉತ್ತರ ಬರೆದು ಅಳಿಸಿಕೊಂಡಿದ್ದಾಳೆ ಎಂದು ನಲ್ಲಿಯ ಹತ್ತಿರ ನಿಲ್ಲಿಸಿ ತೊಳೆಸಿದರು. ತೊಳೆದರೆ ಹೋಗುವ ಕಪ್ಪೇ ಅದು? ಅವಳು ಮೊದಲ ಗಂಟೆ ಹೊಡೆದ ಮೇಲೆ ಒಳಗೆ ಬಂದು, ಒದ್ದೆ ಕೈಯಲ್ಲೇ ಬರೆದಳು. ನನಗೆ ಅವತ್ತು ಬಂದ ಸಿಟ್ಟು ನೆನೆಸಿಕೊಂಡರೆ ಈಗಲೂ ಕೈ ಬಿಸಿಯಾಗುತ್ತದೆ. ಕಳ್ಳರು ಎನ್ನುವ ಹಾಗೆ ನೋಡುತ್ತಿದ್ದರಲ್ಲ, ನಾವು ಕದ್ದದ್ದಾದರೂ ಏನು?

ರಿಸಲ್ಟು ಪತ್ರಿಕೆಯಲ್ಲಿ ಬಂತು. ಬಸ್‌ಸ್ಟಾಪಿನ ಹೋಟೆಲಿನಲ್ಲಿ ಪತ್ರಿಕೆ ಹಿಡಿದು ಬೆರಳಿಟ್ಟು ಹುಡುಕಿದವಳು ನಾನೇ. ನನ್ನ ನಂಬರಿತ್ತು. ಅಣ್ಣನದಿರಲಿಲ್ಲ. ಮನೆಗೆ ಬಂದು ಹೇಳಿದೆ. ಅಪ್ಪ ಬೀಡಿ ಹಚ್ಚಿದರು.

"ಚೆನ್ನಾಗಾಯ್ತು. ಬೇಲಿನೇ ಎದ್ದು ಒಲ ಮೇಯ್ತಲ್ಲವ್ವಾ!"

ಅದು ತಮಾಷೆಯೇ ಇರಬೇಕು ಎಂದು ನಾನು ನಕ್ಕೆ. ಅವ್ವ ನಗಲಿಲ್ಲ. ಅಣ್ಣ ಸೈಕಲ್ ತೆಗೆದುಕೊಂಡು ಹೊರಟ. ಪಾಪ, ಅವನಿಗೆ ಆ ಕೆಲಸ ಬೇಕಾಗಿಯೇ ಇರಲಿಲ್ಲ. ಗಂಟೆ ಹೊಡೆದಾಗ ಹೋಗಿ ಗಂಟೆ ಹೊಡೆದಾಗ ಬರುವ ಆಸಾಮಿಯಲ್ಲ ಅವನು. ಮುಂದೆ ಉಳಿದ ತುಂಡು ಜಾಗದಲ್ಲಿ ಶೀಟಿನ ಮನೆಗಳನ್ನು ಎಬ್ಬಿಸಿ ಕಾರ್ಮಿಕರಿಗೆ ಬಾಡಿಗೆಗೆ ಬಿಟ್ಟ. ಪರೀಕ್ಷೆ ಕಟ್ಟಲಾಗದವನು ಮನೆ ಕಟ್ಟಿದ, ಸುಖವಾಗಿದ್ದಾನೆ.

ಕೆಲಸಕ್ಕೆ ಹೆಸರು ಕೊಡುವ ಗಡುವು ಹತ್ತಿರ ಬಂದಿತ್ತು. ಅಣ್ಣ ಇನ್ನೊಂದು ಸಲ ಕಟ್ಟಿ ಪಾಸಾಗುವ ತನಕ ಕಾರ್ಖಾನೆ ಕಾಯುವುದಿಲ್ಲ. ಅಪ್ಪನಿಗೆ ಬೇರೆ ದಾರಿ ಇರಲಿಲ್ಲ. ಒಂದು ಬೆಳಿಗ್ಗೆ ನನಗೆ ಒಳ್ಳೆಯ ಸೀರೆ ಉಡಲು ಹೇಳಿದರು. ಇಬ್ಬರೂ ಕಾರ್ಖಾನೆಯ ಆಫೀಸಿಗೆ ನಡೆದೆವು. ನಮ್ಮ ಹೊಲದ ಮೇಲೆಯೇ ಆ ಆಫೀಸು. ಮೊದಲು ಅವರೆ ಹಾಕುತ್ತಿದ್ದ ಜಾಗದಲ್ಲಿ ಕ್ರೋಟನ್ ಕುಂಡಗಳಿದ್ದವು. ಅಪ್ಪ ಚಪ್ಪಲಿ ಹೊರಗೆ ಬಿಟ್ಟರು.

ಅಧಿಕಾರಿ ಒಳ್ಳೆಯವನೇ. ನನ್ನನ್ನು ನೋಡಿ, ನನ್ನ ಹೆಸರು ಕೇಳಿ, "ಗುಡ್. ಗರ್ಲ್ಸ್‌ನೂ ತಗೋತೀವಿ, ಪಾರ್ಟ್ಸ್ ಜೋಡಿಸೋ ಅಸೆಂಬ್ಲಿಗೆ ಬೇಕಾಗಿದ್ದಾರೆ," ಎಂದ. ಆ ಕೋಟು, ಆ ಬ್ಯಾಡ್ಜು, ಆ ಬಸ್ಸಿನ ಜಗಳ ಎಲ್ಲ ನನ್ನದಾಗಿಬಿಟ್ಟಿತ್ತು. ಅಷ್ಟಕ್ಕೆ ಸುಮ್ಮನಿರಬಾರದಾಗಿತ್ತೆ ಆ ಪುಣ್ಯಾತ್ಮ? ಅಪ್ಪನ ಮುಖದಲ್ಲಿ ಸಂತೋಷ ಕಾಣದ್ದನ್ನು ನೋಡಿ, ಸಮಾಧಾನ ಹೇಳುವವನ ಹಾಗೆ ಮುಂದುವರಿಸಿದ. "ಸನ್ನೇ ಆಗ್ಬೇಕು ಅಂತಿಲ್ಲ ಯಜಮಾನ್ರೇ. ಡಾಟರ್ ಆಗ್ಬಹುದು, ಸನ್-ಇನ್-ಲಾ ಆಗ್ಬಹುದು. ಫ್ಯಾಮಿಲೀಲಿ ಒಬ್ರು ಅಷ್ಟೇ. ಈ ತಿಂಗಳೊಳಗೆ ಹೆಸರು ಕೊಡಿ."

ಅಪ್ಪ ನನ್ನ ಕಡೆ ಬಗ್ಗಿದರು. "ಅದೇನವ್ವಾ ಕೊನೇಗೆ ಯೋಳಿದ್ದು?"

"ಸನ್-ಇನ್-ಲಾ ಅಂದ್ರೆ ಅಳಿಯ ಅಪ್ಪ. ಅಳಿಯ ಆದ್ರೂ ಆಯ್ತದಂತೆ."

ತಡವರಿಸದೆ ಹೇಳಿದೆ. ಅಧಿಕಾರಿ ಮೆಚ್ಚಿ ತಲೆಯಾಡಿಸಿದ. ಅಪ್ಪ, "ನಾಕ್ ದಿನ ಬುಟ್ಟು ಬತ್ತೀವಿ ಸ್ವಾಮಿ," ಎಂದು ಎದ್ದುಬಿಟ್ಟರು.

ನನಗೆ ಆಗಲೂ ತಿಳಿಯಲಿಲ್ಲ. ದಾರಿಯಲ್ಲಿ ಅಪ್ಪ, "ಅಳಿಯನೂ ಆಯ್ತದೆ ಅಂದ್ನಾ? ಸರ್ಯಾಗ್ ಕೇಳುಸ್ಕಂಡ್ಯಾ?" ಎಂದು ಮತ್ತೆ ಮತ್ತೆ ಕೇಳಿದಾಗ, ಎಂತಹ ಅಳಿಯ, ಎಲ್ಲಿಯ ಅಳಿಯ ಎಂದುಕೊಂಡೆ. ಮನೆಯಲ್ಲಿ ಅಳಿಯ ಇರಲಿಲ್ಲ. ಆದರೆ ಅವ್ವನ ಕೊನೆಯ ತಮ್ಮ ಇದ್ದ, ನನ್ನ ಸೋದರಮಾವ. ಎಸ್ಸೆಸ್ಸೆಲ್ಸಿ ಪಾಸು ಮಾಡಿಕೊಂಡು, ಕೆಲಸ ಸಿಗದೆ, ನಮ್ಮ ಮನೆಯಲ್ಲೇ ಉಂಡುಕೊಂಡು, ಹಿಟ್ಟಿನ ಗಿರಣಿಯ ಹತ್ತಿರ ಕೂತು ಕಾಲ ಕಳೆಯುತ್ತಿದ್ದ. ಬಾಮೈದ ಎಂದರೆ ಕಾರ್ಖಾನೆಯವರಿಗೆ ಆಗುವುದಿಲ್ಲ. ಅವನೇ ಅಳಿಯನಾದರೆ ಆಗುತ್ತದೆ. ಇಂಗ್ಲಿಷಿನವರಿಗೆ ಹೊಳೆಯದ ಈ ಲೆಕ್ಕ ನಮ್ಮ ಮನೆಯಲ್ಲಿ ಒಂದು ರಾತ್ರಿಯೂ ಕಳೆಯುವ ಮೊದಲು ಹೊಳೆಯಿತು.

ಮಾರನೆಯ ದಿನ ಅವ್ವ ರಾಗಿ ಬೀಸುತ್ತಾ ಹೇಳಿದಳು. ನಾನು ಎದುರಿಗೆ ಕೂತು ಕಾಳು ಹಾಕುತ್ತಿದ್ದೆ.

"ನೀನು ಕೆಲ್ಸುಕ್ಕೆ ಸೇರ್ಕಂಡು ಬೇರೆ ಮನೆಗೋದ್ರೆ ನಮ್ ಒಲ ಕೊಟ್ಟು ತಕ್ಕಂಡ ಕೆಲ್ಸಾನೂ ಆ ಮನೆಗೇ ಓಯ್ತದೆ. ಕೊಟ್ಟ ಎಣ್ಣು ಕುಲಕ್ಕೆ ಒರಗು. ಅದೇ ನನ್ ತಮ್ಮುನ್ನ ಮಾಡ್ಕಂಡ್ರೆ ಕೆಲ್ಸಾನೂ ಮನೇಲೇ ಉಳೀತು, ನೀನೂ ಮನೇಲೇ ಉಳ್ದೆ."

"ನಾನ್ ಪಾಸಾಗಿವ್ನಲ್ಲವ್ವಾ!"

"ಯಾರ್ ಇಲ್ಲ ಅಂದೋರು? ಪಾಸಾದೋಳು ಅಂತ್ಲೇ ನನ್ ತಮ್ಮ ಒಪ್ಕಂಡವ್ನೆ."

ನಾನೂ ಸುಮ್ಮನಿರುವವಳಲ್ಲ. ನನ್ನ ಮಟ್ಟಿಗೆ ಬಹಳ ದೊಡ್ಡ ವಾದ ಹೂಡಿದೆ. "ಸರಿ. ಮಾವನ್ನೇ ಮಾಡ್ಕತೀನಿ. ಕೆಲ್ಸ ನಂಗಿರ್ಲಿ. ಆವಾಗ್ಲೂ ಮನೇಲೇ ಉಳೀತದಲ್ಲ?"

ಬೀಸುವ ಕಲ್ಲು ನಿಂತಿತು. ಅವ್ವ ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದಳು. "ಗಂಡ ಮನೇಲ್ ಕುಂತು ಎಂಡ್ರು ಪ್ಯಾಕ್ಟ್ರಿಗೋಗೋದಾ? ಊರೋರು ಮಕಕ್ಕುಗಿಯಾಕಿಲ್ವಾ?"

ಅದಕ್ಕೆ ನನ್ನ ಬಳಿ ಉತ್ತರವಿತ್ತು, ಕೇಳುವವರಿರಲಿಲ್ಲ. ಅಪ್ಪನ ಹತ್ತಿರ ಹೋಗಿ ಅತ್ತೆ. ಅವರು ಗದರಲಿಲ್ಲ, ತಲೆ ಸವರಿದರು. "ನಿನ್ನ ಒರಗಿನೋರ್ಗೆ ಕೊಡ್ತಾ ಇಲ್ವಲ್ಲ ಮಗಾ," ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಮಾತು ಎಷ್ಟೋ ಸಲ ಕೇಳಿದ್ದೆ. ಪೂಜಾರಿ ಹೀಗೆ ತಲೆ ಸವರುತ್ತಾನೆ ಎಂದು ಯಾರೂ ಹೇಳಿರಲಿಲ್ಲ.

ಗಡುವು ಮುಗಿಯುವ ಮೊದಲು ಮದುವೆ ಮುಗಿಯಬೇಕಿತ್ತು. ಊರ ದೇವಸ್ಥಾನದಲ್ಲೇ ಮುಗಿಸಿದರು. ಮುಹೂರ್ತ ಪುರೋಹಿತರು ಇಟ್ಟದ್ದಲ್ಲ, ಕಾರ್ಖಾನೆಯವರು ಇಟ್ಟದ್ದು. ಫೋಟೋದವನನ್ನು ಕರೆಸಿ, ತಾಳಿ ಕಟ್ಟುವ ಕೈ ಸ್ಪಷ್ಟವಾಗಿ ಕಾಣಬೇಕು ಎಂದು ಅಪ್ಪ ನೂರು ಸಲ ಹೇಳಿದರು. ಯಾಕೆಂದರೆ ಆಫೀಸಿನಲ್ಲಿ ತೋರಿಸಬೇಕಿತ್ತು. ಲೋಕದಲ್ಲಿ ತಾಳಿಯನ್ನು ಅರ್ಜಿಗೆ ಅಂಟಿಸಿ ಕೊಟ್ಟವರು ನಾವೇ ಇರಬೇಕು. ಆ ಅರ್ಜಿ ತುಂಬಿದವಳೂ ನಾನೇ. ಮಾವನ ಇಂಗ್ಲಿಷ್ ಅಕ್ಷರ ಕೋಳಿ ಕೆದಕಿದ ಹಾಗಿತ್ತು. ಜಮೀನು ಕಳೆದುಕೊಂಡವರಿಗೆ ನೀವೇನಾಗಬೇಕು ಎಂದು ಕೇಳಿದ್ದ ಜಾಗದಲ್ಲಿ ಸನ್-ಇನ್-ಲಾ ಎಂದು ಬರೆದೆ. ಕಾಗುಣಿತ ತಪ್ಪಲಿಲ್ಲ.

ಮಾವ ಕೆಟ್ಟವನಲ್ಲ. ಅದೇ ನನಗೆ ಇನ್ನೂ ಕಷ್ಟ. ಕೆಟ್ಟವನಾಗಿದ್ದರೆ ಬೈದುಕೊಂಡಾದರೂ ಇರುತ್ತಿದ್ದೆ. ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ, ಹಬ್ಬಕ್ಕೆ ಸೀರೆ ತರುತ್ತಾನೆ. ಕೆಲಸ ಸಿಕ್ಕ ಮೇಲೆ, ಮನೆ ಅಳಿಯ ಅನ್ನಿಸಿಕೊಳ್ಳಬಾರದೆಂದು ಜಾಲಹಳ್ಳಿಯ ಹತ್ತಿರ ಬಾಡಿಗೆ ಮನೆ ಮಾಡಿದ. ಸೊಪ್ಪು ಮಾರಲು ಹೋಗುತ್ತಿದ್ದ ಬೀದಿಯಲ್ಲೇ ನಾನು ಈಗ ಸೊಪ್ಪು ಕೊಳ್ಳುವವಳಾದೆ. ಅವನ ಯೂನಿಫಾರ್ಮು ಒಗೆಯುವುದು, ಇಸ್ತ್ರಿ ಹಾಕುವುದು ನನ್ನ ಪಾಲು. ಅವನನ್ನೂ ಅಸೆಂಬ್ಲಿಗೇ ಹಾಕಿದ್ದರು. ಅವನ ಸೆಕ್ಷನ್ನಿನಲ್ಲಿ ಹೆಂಗಸರೇ ಜಾಸ್ತಿ. "ಅವ್ರ ಬೆರಳು ಬಲೇ ಚುರುಕು ಕಣೇ, ನನ್ ಕೈಲಾಗಕ್ಕಿಲ್ಲ," ಎಂದು ಒಂದು ದಿನ ಉಣ್ಣುತ್ತಾ ಮನಸಾರೆ ಹೊಗಳಿದ. ನಾನು ಮುದ್ದೆಯ ತಪ್ಪಲೆಯನ್ನು ಅವನ ಮುಂದೆ ಕುಕ್ಕಿ ಎದ್ದು ಹೋದೆ. ಯಾಕೆ ಎಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಈ ನಡುವೆ ನನಗೆ ಒಂದು ಸಮಾಧಾನವಿತ್ತು. ಇಡೀ ಲೋಕದಲ್ಲಿ ಒಬ್ಬರಿಗೆ ನನ್ನ ಸಿಟ್ಟು ಅರ್ಥವಾಗುತ್ತದೆ ಎಂದುಕೊಂಡಿದ್ದೆ. ಮೇಷ್ಟ್ರಿಗೆ. ನನ್ನನ್ನು ಬಿಸಿಲಿನಿಂದ ಎಬ್ಬಿಸಿ ಒಳಗೆ ಕೂರಿಸಿದವರು ಅವರು. ಅವರಿಗೆ ವಿಷಯ ತಿಳಿದರೆ ಉರಿದುಬೀಳುತ್ತಾರೆ, ಅಪ್ಪನಿಗೆ ಎರಡು ಮಾತು ಅನ್ನುತ್ತಾರೆ, ಕಡೆಗೆ 'ಛೆ' ಎಂದಾದರೂ ಅನ್ನುತ್ತಾರೆ. ಆ ಒಂದು ಛೆ ಸಾಕಾಗಿತ್ತು ನನಗೆ.

ಜಾಲಹಳ್ಳಿ ಕ್ರಾಸಿನ ಬಸ್‌ಸ್ಟಾಪಿನಲ್ಲಿ ಒಂದು ಮಧ್ಯಾಹ್ನ ಸಿಕ್ಕರು. ಕೂದಲು ನೆರೆತಿತ್ತು, ಧ್ವನಿ ಅದೇ. ಗುರುತು ಹಿಡಿದು ಹಿಗ್ಗಿದರು.

"ಏನಮ್ಮ, ಯಾವ ಸೆಕ್ಷನ್ನು? ನಮ್ಮ ಹುಡುಗಿ ಒಬ್ಬಳು ಕಾರ್ಖಾನೇಲಿದಾಳೆ ಅಂತ ಪ್ರತಿ ಬ್ಯಾಚಿಗೂ ಹೇಳ್ತೀನಿ ಕಣಮ್ಮ."

ನಾನು ನಡೆದದ್ದನ್ನೆಲ್ಲ ಹೇಳಿದೆ. ಅಧಿಕಾರಿ ಹೇಳಿದ್ದು, ನಾನು ಅಪ್ಪನಿಗೆ ತಿಳಿಸಿದ್ದು, ಅವ್ವ ಬೀಸುವ ಕಲ್ಲು ನಿಲ್ಲಿಸಿದ್ದು. ಎದೆಯಲ್ಲಿದ್ದದ್ದು ಒಂದನ್ನೂ ಬಿಡಲಿಲ್ಲ. ಅವರು ತಲೆ ಬಗ್ಗಿಸಿ ಕೇಳಿದರು. ಆಮೇಲೆ ನಿಟ್ಟುಸಿರು ಬಿಟ್ಟು ನಕ್ಕರು.

"ಹೋಗ್ಲಿ ಬಿಡಮ್ಮ. ಸೋದರಮಾವನೇ ತಾನೇ, ಹೊರಗಿನವನೇನಲ್ಲ. ಕೆಲಸ ಮನೇಲೇ ಉಳೀತಲ್ಲ, ಅದು ಮುಖ್ಯ."

ಅವ್ವನ ಮಾತೇ, ಬರೀ ಹಕಾರ ಸೇರಿಸಿ ಹೇಳಿದ ಹಾಗಿತ್ತು. ಮದುವೆ ಮಂಟಪದಲ್ಲೂ ಆಗದಷ್ಟು ಸಂಕಟ ಅಲ್ಲಿ, ಬಸ್ಸು ಕಾಯುವವರ ನಡುವೆ ಆಯಿತು. ನನ್ನ ಮುಖ ನೋಡಿ ಅವರಿಗೆ ಏನನ್ನಿಸಿತೋ, ಗಾಬರಿಯಿಂದ ಸಮಾಧಾನ ಮಾಡಲು ಹೊರಟರು.

"ಯಾಕಮ್ಮ ಬೇಜಾರು? ಕೆಲಸ ಹೋದ್ರೆ ಹೋಯ್ತು. ನೀನು ಪಾಸಾಗಿರೋದನ್ನ ಯಾರಾದ್ರೂ ಕಿತ್ಕೊಳ್ಳೋಕಾಗತ್ತಾ?"

"ಕಿತ್ಕೊಳ್ಳೋಕೆ ಅದು ಯಾರಿಗಾದ್ರೂ ಬೇಕಾಗಿರಬೇಕಲ್ಲ ಸಾರ್," ಎಂದೆ.

ಅವರ ಬಸ್ಸು ಬಂತು, ಹತ್ತಿ ಹೋದರು. ಮಾವನ ಪಾಳಿ ಮುಗಿಯುವ ಹೊತ್ತಾಗಿತ್ತು. ನಾನು ಅಡಿಗೆ ಮಾಡಲು ಮನೆಗೆ ಬಂದೆ.